ಕಣ್ಣಿಗೆ ಕಾಣದ ಹತ್ತು ಪಾಯಿಂಟ್

ಕಳೆದ ಸಲ ಬ್ರೇಕ್ ಬಗ್ಗೆ ಬರೆಯುವಾಗ ಕೊನೆಯಲ್ಲಿ ಒಂದು ಮಾತು ಕೇಳಿದ್ದೆ: ‘ನಿಮ್ಮ ಗಾಡಿಯ ಗಾಳಿ ನೋಡಿ ಎಷ್ಟು ದಿನ ಆಯ್ತು?’ ಬ್ರೇಕಿಗಿಂತ ಆ ಒಂದು ಸಾಲಿಗೇ ಜಾಸ್ತಿ ಪತ್ರ ಬಂದಿವೆ. ಅದಕ್ಕೇ ಈ ಸಲದ ಪುಟ ಪೂರ್ತಿ ಟೈರಿಗೆ. ಹೊಸ ಓದುಗರಿಗೆ ಒಂದು ಮಾತು. ನಾನು ಅಪ್ಪನ ವರ್ಕ್‌ಶಾಪ್‌ನಲ್ಲಿ ಟೈರ್ ಬಿಚ್ಚೋದು, ಜೋಡಿಸೋದು ಕಲಿತವಳು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಇಲ್ಲಿ ಬರೆಯೋದೆಲ್ಲ ಕೈಯಲ್ಲಿ ಮುಟ್ಟಿ ನೋಡಿ ತಿಳಿದದ್ದು. ‘ಪಾಯಿಂಟ್’ ಅಂತ ನಾವೆಲ್ಲ ಹೇಳೋದು ಗಾಳಿಯ ಒತ್ತಡದ ಪಿಎಸ್‌ಐ ಎಂಬ ಅಳತೆಗೆ, ಅಂದರೆ ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಅನ್ನೋದು. ನಾನೂ ಹಾಗೇ ಬರೆಯುತ್ತೇನೆ.

ಪ್ರಶ್ನೆ: ಅಕ್ಕಾ, ನನ್ನ ಕಾರು ಲೀಟರಿಗೆ 18 ಕಿ.ಮೀ. ಕೊಡುತ್ತಿತ್ತು. ಈಗ 15ಕ್ಕೆ ಇಳಿದಿದೆ. ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ 33 ಪಾಯಿಂಟ್ ಅಂತಿದೆ, ಟೈರಿನ ಮೇಲೆ 44 ಅಂತ ಅಚ್ಚಾಗಿದೆ. ಗೆಳೆಯರು ‘40 ದಾಟಿಸು, ಮೈಲೇಜ್ ಬರುತ್ತೆ’ ಅಂತಾರೆ. ಯಾರ ಮಾತು ಕೇಳಲಿ?

ಸ್ಟಿಕ್ಕರ್ ಮಾತು ಕೇಳಿ. ಟೈರಿನ ಮೇಲಿರುವ 44 ಅನ್ನೋದು ಆ ಟೈರು ತಡೆಯಬಲ್ಲ ಗರಿಷ್ಠ ಗಾಳಿ. ಅದೇ ಟೈರು ಹತ್ತಾರು ತರಹದ ಕಾರುಗಳಿಗೆ ಹೋಗುತ್ತದೆ. ನಿಮ್ಮ ಕಾರಿನ ತೂಕ ಎಷ್ಟು, ಮುಂದೆ ಎಷ್ಟು ಭಾರ, ಹಿಂದೆ ಎಷ್ಟು ಅನ್ನೋದು ಟೈರ್ ಮಾಡಿದವರಿಗೆ ಗೊತ್ತಿರಲ್ಲ, ಕಾರು ಮಾಡಿದವರಿಗೆ ಗೊತ್ತಿರುತ್ತದೆ. ಹಾಗಾಗಿ ಬಾಗಿಲ ಪಕ್ಕ, ಪೆಟ್ರೋಲ್ ಮುಚ್ಚಳದ ಒಳಗೆ ಅಥವಾ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇರುವ ಅಂಕಿಯೇ ನಿಮ್ಮದು.

ಗಾಳಿ ಕಡಿಮೆಯಾದರೆ ಪೆಟ್ರೋಲ್ ಯಾಕೆ ಜಾಸ್ತಿ ಕುಡಿಯುತ್ತೆ ಗೊತ್ತಾ? ಒಂದು ತಂತಿ ತಗೊಂಡು ಒಂದೇ ಜಾಗದಲ್ಲಿ ಇಪ್ಪತ್ತು ಸಲ ಬೇಗ ಬೇಗ ಹಿಂದೆ ಮುಂದೆ ಬಗ್ಗಿಸಿ. ಆಮೇಲೆ ಬಗ್ಗಿದ ಜಾಗ ಮುಟ್ಟಿ ನೋಡಿ. ಬಿಸಿ ಇರುತ್ತದೆ. ನಿಮ್ಮ ಕೈಯ ಶಕ್ತಿ ಅಲ್ಲಿ ಶಾಖವಾಗಿ ಹೋಯಿತು. ಟೈರೂ ಹಾಗೇ. ನೆಲಕ್ಕೆ ತಾಗುವ ಭಾಗ ಪ್ರತಿ ಸುತ್ತಿಗೂ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರಿನ ಚಕ್ರ ನಿಮಿಷಕ್ಕೆ ಸುಮಾರು 700 ಸುತ್ತು ತಿರುಗುತ್ತದೆ. ಅಂದರೆ ರಬ್ಬರು ಅಷ್ಟು ಸಲ ಬಗ್ಗುತ್ತದೆ. ಗಾಳಿ ಕಡಿಮೆ ಇದ್ದಷ್ಟೂ ಜಾಸ್ತಿ ಬಗ್ಗುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ಆ ಬಿಸಿಯೆಲ್ಲ ನಿಮ್ಮ ಟ್ಯಾಂಕಿನ ಪೆಟ್ರೋಲಿಂದಲೇ ಬಂದದ್ದು.

ಆದರೆ ಲೆಕ್ಕ ಸರಿಯಾಗಿ ಹೇಳಬೇಕು. ಅಮೆರಿಕದ ಇಂಧನ ಇಲಾಖೆ ಕೊಡುವ ಅಂದಾಜು ಹೀಗಿದೆ: ನಾಲ್ಕೂ ಟೈರಿನ ಸರಾಸರಿ ಗಾಳಿ ಒಂದು ಪಾಯಿಂಟ್ ಇಳಿದರೆ ಮೈಲೇಜ್ ಸುಮಾರು ಶೇ 0.2 ಇಳಿಯುತ್ತದೆ. ನಿಮ್ಮ ಟೈರುಗಳಲ್ಲಿ ಹತ್ತು ಪಾಯಿಂಟ್ ಕಡಿಮೆ ಇದ್ದರೂ ಹೋಗೋದು ಶೇ 2ರ ಆಸುಪಾಸು. 18 ಇದ್ದದ್ದು 17.6 ಆಗಬಹುದು, 15 ಆಗಲ್ಲ. ಉಳಿದದ್ದನ್ನು ಗಾಳಿಯ ತಲೆಗೆ ಕಟ್ಟಬೇಡಿ. ಜಾಕ್ ಹಾಕಿ ಒಂದೊಂದೇ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಯಾವುದಾದರೂ ಬಿಗಿಯಾಗಿ ತಿರುಗಿದರೆ ಬ್ರೇಕ್ ಹಿಡಿದುಕೊಂಡಿದೆ ಅಂತ. ಏರ್ ಫಿಲ್ಟರ್ ನೋಡಿ. ದಾರಿ ಬದಲಾಗಿದೆಯಾ, ನಿಂತು ನಿಂತು ಹೋಗೋದು ಜಾಸ್ತಿಯಾಗಿದೆಯಾ ಯೋಚಿಸಿ.

ಇನ್ನು 40 ದಾಟಿಸೋ ವಿಚಾರ. ಅದೇ ಲೆಕ್ಕ ಮೇಲಕ್ಕೆ ಹಿಡಿದರೂ ಸಿಗೋದು ಅಷ್ಟೇ ಸಣ್ಣ ಲಾಭ. ಕಳೆದುಕೊಳ್ಳೋದು ಏನು ಅಂತ ನೋಡಿ. ಜನ ಕೂತ ಕಾರು 1,200 ಕೆ.ಜಿ. ಅಂತ ಇಟ್ಟುಕೊಳ್ಳಿ, ಒಂದು ಟೈರಿನ ಮೇಲೆ 300 ಕೆ.ಜಿ. 33 ಪಾಯಿಂಟ್ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.3 ಕೆ.ಜಿ. ಒತ್ತಡ. ಭಾಗಿಸಿದರೆ ನೆಲಕ್ಕೆ ತಾಗಿರುವ ಜಾಗ ಸುಮಾರು 130 ಚದರ ಸೆಂಟಿಮೀಟರ್. ನಿಮ್ಮ ಕೈಯನ್ನು ಬೆರಳು ಸೇರಿಸಿ ನೆಲದ ಮೇಲೆ ಇಡಿ, ಹೆಚ್ಚುಕಡಿಮೆ ಅಷ್ಟೇ. 44 ಹೊಡೆಸಿದರೆ ಅದು ನೂರಕ್ಕಿಂತ ಕೆಳಗೆ ಬರುತ್ತದೆ. ಟೈರಿನ ಪಕ್ಕದ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜು ಲೆಕ್ಕವೇ. ಆದರೆ ವಿಷಯ ಅದೇ. ಅಷ್ಟು ದೊಡ್ಡ ಕಾರನ್ನು ನಿಲ್ಲಿಸೋದು, ತಿರುಗಿಸೋದು ನಾಲ್ಕು ಅಂಗೈಯಷ್ಟು ರಬ್ಬರು. ಅದರಲ್ಲೂ ಕಾಲು ಭಾಗ ನೀವಾಗೇ ಬಿಟ್ಟುಕೊಡಬೇಡಿ. ಗುಂಡಿಗೆ ಬಿದ್ದ ಏಟೂ ಆಗ ನೇರ ಗಾಡಿಗೆ ಬಡಿಯುತ್ತದೆ.

ಪ್ರಶ್ನೆ: ಮೇಡಂ, ಮುಂದಿನ ಎರಡು ಟೈರೂ ಎರಡು ಅಂಚಲ್ಲಿ ಬೋಳಾಗಿವೆ. ನಡುವೆ ಮಾತ್ರ ಗ್ರಿಪ್ ಚೆನ್ನಾಗಿದೆ. ಒಂದು ಕಡೆ ಅಲೈನ್‌ಮೆಂಟ್ ಹೋಗಿದೆ ಅಂದರು, ಇನ್ನೊಂದು ಕಡೆ ಟೈರೇ ಸರಿ ಇಲ್ಲ ಅಂದರು.

ನೀವು ಬರೆದ ಗುರುತು ಸರಿಯಾಗಿದ್ದರೆ ಎರಡೂ ಅಲ್ಲ, ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ಗಾಳಿ ಇಲ್ಲದ ಟೈರು ನಡುವೆ ಒಳಕ್ಕೆ ಎದ್ದುಕೊಳ್ಳುತ್ತದೆ, ಭಾರವೆಲ್ಲ ಎರಡು ಅಂಚಿನ ಮೇಲೆ ಬೀಳುತ್ತದೆ. ಗಾಳಿ ಜಾಸ್ತಿಯಾದರೆ ಇದರ ತಿರುವುಮುರುವು: ನಡು ಬೋಳು, ಅಂಚು ಹೊಸದು. ಒಂದೇ ಅಂಚು ಸವೆದಿದ್ದರೆ ಆಗ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ, ಹೋಗಿದೆ ಅನ್ನಿ. ಅಲ್ಲೊಂದು ಇಲ್ಲೊಂದು ಹಳ್ಳ ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ವೀಲ್ ಬ್ಯಾಲೆನ್ಸ್ ನೋಡಿಸಿ.

ಅಪ್ಪ ನನಗೆ ಮೊದಲು ಕಲಿಸಿದ್ದು ಅಂಗೈಯಲ್ಲಿ ಟೈರ್ ಓದೋದನ್ನ. ನೀವೂ ಮಾಡಿ. ಗಾಡಿ ತಣ್ಣಗಿರುವಾಗ ಅಂಗೈಯನ್ನು ಟೈರಿನ ಮೇಲೆ ಹೊರ ಅಂಚಿಂದ ಒಳ ಅಂಚಿಗೆ ಮೆಲ್ಲಗೆ ಎಳೆಯಿರಿ. ಆಮೇಲೆ ಒಳಗಿಂದ ಹೊರಕ್ಕೆ. ತಂತಿ, ಗಾಜಿನ ಚೂರು ಇರಬಹುದು, ಜೋಪಾನ. ಒಂದು ಕಡೆಗೆ ಎಳೆದಾಗ ನುಣ್ಣಗೆ, ಇನ್ನೊಂದು ಕಡೆಗೆ ಎಳೆದಾಗ ಗರಗಸದ ಹಲ್ಲಿನ ಹಾಗೆ ಚರ್ಮಕ್ಕೆ ತಗುಲಿದರೆ ಟೈರು ನೇರ ಉರುಳದೆ ಅಡ್ಡಕ್ಕೆ ಉಜ್ಜಿಕೊಂಡು ಹೋಗಿದೆ. ಇದನ್ನು ಕಣ್ಣಿಗಿಂತ ಕೈ ಬೇಗ ಹಿಡಿಯುತ್ತದೆ.

ನಿಮ್ಮ ಟೈರಿನ ಹೊರ ಅಂಚು ಒಳ ಅಂಚಿಗಿಂತ ಜಾಸ್ತಿ ಸವೆದಿದೆಯಾ ಅಂತಲೂ ನೋಡಿ. ತಿರುವುಗಳಲ್ಲಿ ವೇಗ ಇಳಿಸದೆ ತಿರುಗಿಸುವವರ ಮುಂದಿನ ಟೈರು ಹಾಗೆ ಆಗುತ್ತದೆ. ಇನ್ನೊಂದು, ಅಲೈನ್‌ಮೆಂಟ್ ಮಾಡಿಸುವ ಮುಂಚೆ ಗಾಳಿ ಸರಿ ಮಾಡಿಸಿ. ಗಾಳಿ ಏರುಪೇರಿದ್ದರೆ ಗಾಡಿ ಸಮನಾಗಿ ನಿಲ್ಲಲ್ಲ, ಆ ಅಳತೆ ನಂಬೋಕಾಗಲ್ಲ.

ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ. ಅದರ ಎತ್ತರ 1.6 ಮಿ.ಮೀ. ನಿಮ್ಮ ಅಂಚು ಆ ದಿಬ್ಬಕ್ಕೆ ಸಮ ಬಂದಿದ್ದರೆ ನಡುವೆ ಎಷ್ಟೇ ಗ್ರಿಪ್ ಇದ್ದರೂ ಆ ಟೈರು ಮುಗಿಯಿತು. ನಡು ಚೆನ್ನಾಗಿದೆ ಅಂತ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಬೇಸಿಗೆಯಲ್ಲಿ ಟೈರ್ ಸಿಡಿಯುತ್ತೆ ಅಂತ ನಮ್ಮ ಮಾವ ಎರಡು ಮೂರು ಪಾಯಿಂಟ್ ಗಾಳಿ ಬಿಡಿಸುತ್ತಾರೆ. ಸರಿನಾ?

ಬೇಡ ಅಂತ ಹೇಳಿ. ಮಾವನವರಿಗೆ ಬೇಜಾರಾಗದ ಹಾಗೆ ಹೇಳಿ, ಆದರೆ ಹೇಳಿ. ಬಿಸಿಲಿಗೆ ಗಾಳಿ ಹಿಗ್ಗೋದು ನಿಜ. ಹತ್ತು ಡಿಗ್ರಿ ಶಾಖ ಏರಿದರೆ ಸುಮಾರು ಒಂದೂವರೆ ಪಾಯಿಂಟ್ ಏರುತ್ತದೆ. ಓಡಿದ ಮೇಲೆ ನಾಲ್ಕೈದು ಪಾಯಿಂಟ್ ಏರೋದೂ ಸಾಮಾನ್ಯ. ಸ್ಟಿಕ್ಕರಿನ ಅಂಕಿ ಕೊಡುವಾಗಲೇ ಇದನ್ನೆಲ್ಲ ಲೆಕ್ಕಕ್ಕೆ ತಗೊಂಡಿರುತ್ತಾರೆ. ಗಾಳಿ ಬಿಟ್ಟರೆ ರಬ್ಬರು ಜಾಸ್ತಿ ಬಗ್ಗಿ ಇನ್ನೂ ಬಿಸಿಯಾಗುತ್ತದೆ. ಸಿಡಿಯಬಾರದು ಅಂತ ಮಾಡಿದ ಕೆಲಸವೇ ಸಿಡಿತಕ್ಕೆ ದಾರಿ.

ಅಳತೆ ಯಾವಾಗಲೂ ತಣ್ಣಗಿದ್ದಾಗ. ಗಾಡಿ ನಿಂತು ಮೂರು ಗಂಟೆ ಆಗಿರಬೇಕು, ಇಲ್ಲವೇ ಒಂದೂವರೆ ಕಿ.ಮೀ. ಒಳಗೆ ಓಡಿರಬೇಕು. ದೂರ ಓಡಿ ಬಂದು ನೋಡಿದಾಗ 37 ತೋರಿಸಿತು ಅಂತ 33ಕ್ಕೆ ಇಳಿಸಿದರೆ ಬೆಳಗ್ಗೆ ಹೊತ್ತಿಗೆ 29 ಆಗಿರುತ್ತದೆ.

ಪ್ರಶ್ನೆ: ನೈಟ್ರೋಜನ್ ಹಾಕಿಸಿದರೆ ಮತ್ತೆ ಗಾಳಿ ನೋಡೋದೇ ಬೇಡವಂತೆ?

ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಬರೀ ನೈಟ್ರೋಜನ್ ಇದ್ದರೆ ಸೋರೋದು ಸ್ವಲ್ಪ ನಿಧಾನ, ಒಳಗೆ ನೀರಿನ ಪಸೆ ಇರಲ್ಲ. ಹಾಕಿಸಿದರೆ ತಪ್ಪಿಲ್ಲ. ಆದರೆ ಮೊಳೆ ಚುಚ್ಚಿದರೆ ಅದೂ ಹೋಗುತ್ತೆ, ಬಿಸಿಯಾದರೆ ಅದೂ ಹಿಗ್ಗುತ್ತೆ. ತಿಂಗಳಿಗೊಮ್ಮೆ ನೋಡಲೇಬೇಕು.

ಪ್ರಶ್ನೆ: ಮಳೆಯಲ್ಲಿ ದೊಡ್ಡ ರಸ್ತೆಯಲ್ಲಿ ಹೋಗುವಾಗ ಒಂದು ಕ್ಷಣ ಸ್ಟೀರಿಂಗ್ ಹಗುರಾಯಿತು. ಕಾರು ನನ್ನ ಮಾತು ಕೇಳಲಿಲ್ಲ. ಟೈರು ಹಾಕಿಸಿ ವರ್ಷವೂ ಆಗಿಲ್ಲ. ಆವತ್ತಿಂದ ಮಳೆ ಬಂದರೆ ಭಯ.

ನಿಮ್ಮ ಭಯ ಅರ್ಥವಾಗುತ್ತದೆ. ಆ ಕ್ಷಣದಲ್ಲಿ ಟೈರು ರಸ್ತೆಯ ಮೇಲೆ ಇರಲಿಲ್ಲ, ನೀರಿನ ಮೇಲಿತ್ತು. ಟೈರು ತನ್ನ ಕೆಳಗಿನ ನೀರನ್ನು ಪಕ್ಕಕ್ಕೆ ಒತ್ತಿ ಹಾಕಿ ನೆಲ ಮುಟ್ಟಬೇಕು. ಆ ಒತ್ತುವ ಬಲ ಬರೋದು ಒಳಗಿನ ಗಾಳಿಯಿಂದ. ಗಾಳಿ ಕಡಿಮೆ ಇದ್ದರೆ ಟೈರು ಅಗಲವಾಗಿ ಹರಡಿಕೊಳ್ಳುತ್ತದೆ. ನೋಡೋಕೆ ಹಿಡಿತ ಜಾಸ್ತಿ ಅನ್ನಿಸಬಹುದು. ಆದರೆ ಒಂದೊಂದು ಬೆರಳಗಲ ಜಾಗದ ಮೇಲೆ ಬೀಳುವ ಬಲ ಕಡಿಮೆಯಾಗಿರುತ್ತದೆ. ನೀರು ಗೆಲ್ಲುತ್ತದೆ.

1960ರ ದಶಕದಲ್ಲಿ ನಾಸಾದವರು ವಿಮಾನದ ಟೈರುಗಳ ಮೇಲೆ ಪರೀಕ್ಷೆ ಮಾಡಿ ಒಂದು ಸೂತ್ರ ಕೊಟ್ಟರು. ನೀರು ನಿಂತ ಕಡೆ ಟೈರು ಯಾವ ವೇಗದಲ್ಲಿ ತೇಲಲು ಶುರು ಮಾಡುತ್ತದೆ ಅನ್ನೋದು ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕ ಹಾಗೆ ಇರುತ್ತದೆ ಅಂತ. ಆ ಸೂತ್ರಕ್ಕೆ 33 ಪಾಯಿಂಟ್ ಹಾಕಿದರೆ ಗಂಟೆಗೆ ಸುಮಾರು 96 ಕಿ.ಮೀ. ಬರುತ್ತದೆ. 22 ಹಾಕಿದರೆ 78. ಕಾರಿನ ಟೈರಿಗೆ ಈ ಅಂಕಿ ಹಾಗೇ ಒಪ್ಪಲ್ಲ. ನೀರಿನ ಆಳ, ಟೈರಿನ ಅಗಲ, ಗೀರು ಎಷ್ಟು ಉಳಿದಿದೆ ಎಲ್ಲವೂ ಸೇರುತ್ತದೆ, ಇನ್ನೂ ಕಡಿಮೆ ವೇಗದಲ್ಲೇ ತೇಲಬಹುದು. ಆದರೆ ಹನ್ನೊಂದು ಪಾಯಿಂಟ್ ಗಾಳಿಗೆ ಎಷ್ಟು ವ್ಯತ್ಯಾಸ ಅಂತ ನೋಡಿ. ದೊಡ್ಡ ರಸ್ತೆಯಲ್ಲಿ 78 ಯಾರಿಗೂ ವೇಗ ಅನ್ನಿಸಲ್ಲ.

ಇನ್ನೊಮ್ಮೆ ಹಾಗಾದರೆ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಎಳೆಯಬೇಡಿ. ನೇರ ಹಿಡಿದುಕೊಂಡು ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯಿರಿ. ವೇಗ ಇಳಿದ ಹಾಗೆ ಟೈರು ನೆಲ ಹಿಡಿಯುತ್ತದೆ, ಅದು ಕೈಗೆ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಕಾರಲ್ಲಿ ಗಾಳಿ ಕಡಿಮೆಯಾದರೆ ದೀಪ ಹತ್ತುತ್ತೆ. ದೀಪ ಬರದಿದ್ದರೆ ಎಲ್ಲ ಸರಿ ಇದೆ ಅಂತ ತಾನೇ?

ಅಲ್ಲ. ಅಮೆರಿಕದಲ್ಲಿ 2007ರ ಸೆಪ್ಟೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಈ ವ್ಯವಸ್ಥೆ ಕಡ್ಡಾಯ. ಅಲ್ಲಿನ ನಿಯಮದ ಪ್ರಕಾರ ದೀಪ ಹತ್ತಬೇಕಾದ್ದು ಗಾಳಿ ಶೇ 25 ಇಳಿದಾಗ. 33ರ ಟೈರು 25ಕ್ಕೆ ಬರುವ ತನಕ ದೀಪ ಸುಮ್ನೆ ಇರಬಹುದು. ಅಷ್ಟರೊಳಗೆ ಅಂಚು ಸವೆಯೋಕೆ ಶುರುವಾಗಿರುತ್ತದೆ.

ಇದರಲ್ಲಿ ಎರಡು ಬಗೆ. ಒಂದರಲ್ಲಿ ಪ್ರತಿ ಚಕ್ರದೊಳಗೂ ಅಳೆಯುವ ಸಾಧನ ಇರುತ್ತದೆ. ಇನ್ನೊಂದು ಬಗೆ ಗಾಳಿಯನ್ನು ಅಳೆಯೋದೇ ಇಲ್ಲ. ಗಾಳಿ ಹೋದ ಚಕ್ರ ಸ್ವಲ್ಪ ಚಿಕ್ಕದಾಗಿ ಉಳಿದವಕ್ಕಿಂತ ವೇಗವಾಗಿ ತಿರುಗುತ್ತದಲ್ವಾ, ಅದನ್ನು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಮೂಲಕ ಹಿಡಿಯುತ್ತದೆ. ನಾಲ್ಕೂ ಟೈರು ತಿಂಗಳಿಂದ ತಿಂಗಳಿಗೆ ಒಂದೇ ಸಮ ಇಳಿದರೆ ಇದರ ಸರಳ ರೂಪಗಳಿಗೆ ಗೊತ್ತೇ ಆಗಲ್ಲ. ಪಂಕ್ಚರ್ ಆಗದ ಟೈರಿಂದಲೂ ತಿಂಗಳಿಗೆ ಸುಮಾರು ಒಂದು ಪಾಯಿಂಟ್ ಹೋಗುತ್ತದೆ. ದೀಪ ಒಳ್ಳೆಯದು, ದಾರಿಯಲ್ಲಿ ಮೊಳೆ ಹೊಕ್ಕರೆ ಜೀವ ಉಳಿಸುತ್ತದೆ. ಅದರ ಜೊತೆಗೆ ಕೈಯಲ್ಲೊಂದು ಗಾಳಿ ಅಳೆಯುವ ಗೇಜೂ ಇರಲಿ.

ಪ್ರಶ್ನೆ: ನಮ್ಮ ಯಜಮಾನರು ಲಾರಿ ಓಡಿಸುತ್ತಾರೆ. ಹೊರಡೋ ಮುಂಚೆ ರಾಡ್‌ನಿಂದ ಟೈರ್ ತಟ್ಟಿ ಸದ್ದು ಕೇಳುತ್ತಾರೆ. ಅಷ್ಟು ಸಾಕಾ ಅಕ್ಕಾ? ನನಗೆ ಸಮಾಧಾನ ಇಲ್ಲ.

ನಿಮ್ಮ ಅನುಮಾನ ಸರಿಯಾಗಿದೆ ತಂಗಿ. ರಾಡ್ ಹೇಳೋದು ಒಂದೇ ಮಾತು: ಗಾಳಿ ಪೂರ್ತಿ ಹೋಗಿದೆಯೋ ಇಲ್ಲವೋ ಅಂತ. ನೂರರ ಆಸುಪಾಸು ಪಾಯಿಂಟ್ ಇರಬೇಕಾದ ಟೈರಲ್ಲಿ ಎಂಬತ್ತಿದ್ದರೂ ಸದ್ದು ಹೆಚ್ಚುಕಡಿಮೆ ಅದೇ. ನಾನು ಎಷ್ಟೋ ವರ್ಷ ತಟ್ಟಿ ಹೇಳಲು ಪ್ರಯತ್ನಪಟ್ಟು ಗೇಜ್ ಹಾಕಿ ನೋಡಿದ್ದೇನೆ, ನಂಬೋಕಾಗಲ್ಲ.

ಲಾರಿಯ ಹಿಂದಿನ ಜೋಡಿ ಟೈರಲ್ಲಿ ಇನ್ನೊಂದು ಕಷ್ಟ ಇದೆ. ಒಳಗಿನ ಟೈರ್ ಕಣ್ಣಿಗೆ ಬೀಳಲ್ಲ, ಅದರ ವಾಲ್ವಿಗೆ ಕೈ ಹೋಗಲ್ಲ, ಅದಕ್ಕೇ ಯಾರೂ ನೋಡಲ್ಲ. ಒಳಗಿನದರಲ್ಲಿ ಗಾಳಿ ಇಳಿದರೆ ಅದರ ಪಾಲಿನ ಭಾರ ಹೊರಗಿನದರ ಮೇಲೆ. ಆ ಟೈರು ತನಗೆ ಮೀರಿದ್ದು ಹೊರುತ್ತಾ ಬಿಸಿಯಾಗುತ್ತದೆ. ಜೊತೆಗೆ ಎರಡರ ಸುತ್ತಳತೆ ಬೇರೆಯಾದ್ದರಿಂದ, ಒಂದೇ ಆಕ್ಸಲ್‌ಗೆ ಕಟ್ಟಿದ ಚಿಕ್ಕ ಟೈರು ದಾರಿಯುದ್ದಕ್ಕೂ ಉಜ್ಜಿಕೊಂಡು ಬರುತ್ತದೆ. ಒಳಗಿನ ಟೈರಿನ ವಾಲ್ವನ್ನು ಹೊರಗೆ ತರುವ ಉದ್ದನೆಯ ಕೊಳವೆ ಸಿಗುತ್ತದೆ, ಹಾಕಿಸಿಕೊಳ್ಳಲಿ. ಉದ್ದ ಮೂತಿಯ ಲಾರಿ ಗೇಜ್ ಬರುತ್ತದೆ, ಒಂದು ಇಟ್ಟುಕೊಳ್ಳಲಿ. ಇರಬೇಕಾದ್ದಕ್ಕಿಂತ ಶೇ 20 ಕಡಿಮೆ ತೋರಿಸಿದ ಟೈರನ್ನು ಪಂಕ್ಚರ್ ಅಂತಲೇ ತಿಳಿದು ಬಿಚ್ಚಿಸಬೇಕು. ಗಾಳಿ ತುಂಬಿಸಿ ಹೊರಡೋದು ಬೇಡ. ಯಾಕೆ ಅನ್ನೋದನ್ನು ಮುಂದಿನ ಪತ್ರಕ್ಕೆ ಬರೆದಿದ್ದೇನೆ, ಅವರಿಗೆ ಓದಿ ಹೇಳಿ.

ಪ್ರಶ್ನೆ: ಗಾಳಿ ಇಳಿದಿತ್ತು. ಹತ್ತು ಕಿ.ಮೀ. ಹಾಗೇ ಓಡಿಸಿದೆ. ಆಮೇಲೆ ಮೊಳೆ ತೆಗೆಸಿ ಪಂಕ್ಚರ್ ಹಾಕಿಸಿ 33 ತುಂಬಿಸಿದೆ. ಈಗ ಸರಿಯಾಗೇ ಇದೆ. ಮನೆಯವರು ಟೈರ್ ಬಿಚ್ಚಿಸಿ ಒಳಗೆ ನೋಡಿಸು ಅಂತಾರೆ. ಅದು ಬೇಕಾ?

ಬೇಕು. ಇವತ್ತೇ ಹೋಗಿ.

ಕೆಲವು ವರ್ಷದ ಹಿಂದೆ ಒಂದು ಕುಟುಂಬ ದೂರದ ಪ್ರಯಾಣಕ್ಕೆ ಹೊರಟು ಬರೀ ಗಾಳಿ ನೋಡಿಸಲು ನಮ್ಮಲ್ಲಿಗೆ ಬಂದರು. ಹಿಂದಿನ ಸೀಟಲ್ಲಿ ಇಬ್ಬರು ಮಕ್ಕಳು, ಡಿಕ್ಕಿ ತುಂಬ ಸಾಮಾನು. ಮೂರು ಟೈರು 31, 32 ಇತ್ತು. ಹಿಂದಿನ ಎಡಗಡೆಯದು 19. ಹೊರಗೆ ನೋಡಿದರೆ ನಾಲ್ಕೂ ಒಂದೇ ತರಹ. ಈಗಿನ ರೇಡಿಯಲ್ ಟೈರು ಸರಿಯಾದ ಗಾಳಿ ಇದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿಕೊಂಡೇ ನಿಲ್ಲುತ್ತದೆ. ಹತ್ತು ಪಾಯಿಂಟ್ ಕಡಿಮೆ ಇರೋದು ಕಣ್ಣಿಗೆ ಕಾಣಲ್ಲ. ಅವರು ‘ತುಂಬಿ ಕೊಡಿ, ಹೊತ್ತಾಯ್ತು’ ಅಂದರು. ವಾರದಿಂದ ಗಾಡಿ ಒಂದು ಕಡೆಗೆ ಎಳೀತಿತ್ತು ಅಂತಲೂ ಮಾತಲ್ಲಿ ಬಂತು. ನನಗೆ ಮನಸ್ಸು ಒಪ್ಪಲಿಲ್ಲ. ಹತ್ತು ನಿಮಿಷ ಕೊಡಿ ಅಂತ ಬೇಡಿಕೊಂಡು ಬಿಚ್ಚಿದೆ.

ರಿಮ್ಮಿಂದ ಅಂಚು ಬಿಡಿಸಿ ಟೈರ್ ಓರೆ ಮಾಡಿದಾಗ ಒಳಗಿಂದ ಕಪ್ಪು ಪುಡಿ ಸುರಿಯಿತು. ಒಂದು ಹಿಡಿ ಇತ್ತು. ಕಾಡಿಗೆಗಿಂತ ಸ್ವಲ್ಪ ದಪ್ಪ, ಬೆರಳಲ್ಲಿ ತಿಕ್ಕಿದರೆ ಉಂಡೆಯಾಗುತ್ತಿತ್ತು. ಅದು ಟೈರಿನದೇ ರಬ್ಬರು. ಗಾಳಿ ಇಲ್ಲದೆ ಗೋಡೆ ಮಡಚಿ ಮಡಚಿ ಒಳಗಡೆಯೇ ಅರೆದುಕೊಂಡದ್ದು. ಗೋಡೆಯ ಒಳಮೈಯಲ್ಲಿ ಸುತ್ತಲೂ ಎರಡು ಬೆರಳಗಲ ಪಟ್ಟಿ, ಅಲ್ಲಿ ದಾರದ ಎಳೆ ಎಳೆ ಕಾಣುತ್ತಿತ್ತು. ಟೈರಿನ ಬಲವೆಲ್ಲ ಇರೋದು ಆ ಎಳೆಗಳಲ್ಲಿ. 33 ತುಂಬಿ ಕಳಿಸಿದ್ದರೆ ಗೇಜಲ್ಲಿ ಎಲ್ಲ ಸರಿ ಕಾಣುತ್ತಿತ್ತು. ಬಿಸಿಲಲ್ಲಿ, ಭಾರ ಹೊತ್ತು, ದೊಡ್ಡ ರಸ್ತೆಯಲ್ಲಿ ಗಂಟೆಗಟ್ಟಲೆ ಓಡುವಾಗ ಆ ಗೋಡೆ ಬಾಯಿ ಬಿಡುತ್ತಿತ್ತು. ಆ ತಂದೆ ಪುಡಿಯನ್ನು ಅಂಗೈಗೆ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮಾತಾಡಲಿಲ್ಲ.

ಹತ್ತು ಕಿ.ಮೀ.ನಲ್ಲಿ ನಿಮ್ಮ ಟೈರಿಗೆ ಏನೂ ಆಗದೇ ಇರಬಹುದು. ಎಷ್ಟು ಇಳಿದಿತ್ತು, ಎಷ್ಟು ವೇಗದಲ್ಲಿ ಹೋದಿರಿ ಅನ್ನೋದರ ಮೇಲೆ ಇದೆ. ಆದರೆ ಹೊರಗಿನಿಂದಲೇ ಪಂಕ್ಚರ್ ಹಾಕಿದವರು ಒಳಗೆ ನೋಡಿರಲ್ಲ. ಬಿಚ್ಚಿಸಿದಾಗ ನೀವೇ ನಿಂತು ಕೈ ಹಾಕಿ ನೋಡಿ. ಪುಡಿ ಇದೆಯಾ? ಗೋಡೆಯ ಒಳಗೆ ಸುಕ್ಕು, ಉಜ್ಜಿದ ಪಟ್ಟಿ ಇದೆಯಾ? ಇದ್ದರೆ ಆ ಟೈರು ಬೇಡ. ಮೊಳೆ ಚುಚ್ಚಿದ್ದು ನಡುವೆ ಅಲ್ಲದೆ ಗೋಡೆಯಲ್ಲಿದ್ದರೂ ಬೇಡ.

ಓಡುವಾಗಲೇ ಟೈರ್ ಸಿಡಿದರೆ ಏನು ಮಾಡಬೇಕು ಅಂತ ಇನ್ನೂ ಇಬ್ಬರು ಕೇಳಿದ್ದಾರೆ. ಸ್ಟೀರಿಂಗ್ ಎರಡೂ ಕೈಯಲ್ಲಿ ಗಟ್ಟಿ ಹಿಡಿಯಿರಿ, ಗಾಡಿಯನ್ನು ನೇರ ಇಡಿ. ಗಾಬರಿಯಲ್ಲಿ ಕಾಲು ಬ್ರೇಕಿಗೆ ಹೋಗುತ್ತದೆ, ಹೋಗಲು ಬಿಡಬೇಡಿ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ಗಾಡಿ ತಾನಾಗೇ ನಿಧಾನವಾದ ಮೇಲೆ ಪಕ್ಕಕ್ಕೆ ತನ್ನಿ.

ಪ್ರಶ್ನೆ: ಸ್ಕೂಟರಿಗೂ ಇಷ್ಟೆಲ್ಲ ನೋಡಬೇಕಾ ಮೇಡಂ?

ಇನ್ನೂ ಜಾಸ್ತಿ ನೋಡಬೇಕು. ಕಾರಿಗೆ ಮೂರು ಟೈರಾದರೂ ಉಳಿಯುತ್ತವೆ, ನಿಮಗೆ ಉಳಿಯೋದು ಒಂದೇ. ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಅಂಕಿ ಇರುತ್ತದೆ. ಹಿಂದೆ ಯಾರಾದರೂ ಕೂತರೆ ಎಷ್ಟು ಅಂತಲೂ ಎಷ್ಟೋ ಗಾಡಿಗಳ ಪುಸ್ತಕದಲ್ಲಿ ಬೇರೆಯಾಗಿ ಕೊಟ್ಟಿರುತ್ತಾರೆ. ಮುಂದಿನ ಟೈರಲ್ಲಿ ಗಾಳಿ ಕಡಿಮೆಯಾದರೆ ಹ್ಯಾಂಡಲ್ ತಿರುಗಿಸುವಾಗ ಭಾರ ಅನ್ನಿಸುತ್ತದೆ. ಹಾಗನ್ನಿಸಿದ ದಿನವೇ ನೋಡಿಸಿ.

ಪ್ರಶ್ನೆ: ಸ್ಟೆಪ್ನಿಗೆ ಎಷ್ಟು ಹೊಡೆಸಬೇಕು?

ಉಳಿದ ನಾಲ್ಕರಷ್ಟೇ ದೊಡ್ಡದಿದ್ದರೆ ಸ್ಟಿಕ್ಕರಿನಲ್ಲಿ ಇರುವ ಜಾಸ್ತಿ ಅಂಕಿ ಹೊಡೆಸಿಡಿ. ಬೇಕಾದಾಗ ಇಳಿಸೋದು ಸುಲಭ, ದಾರಿಯಲ್ಲಿ ತುಂಬಿಸೋದು ಕಷ್ಟ. ಕೆಲವು ಕಾರಿಗೆ ಸಣಕಲು ಸ್ಟೆಪ್ನಿ ಬರುತ್ತದೆ, ಅದಕ್ಕೆ ಸಾಮಾನ್ಯವಾಗಿ 60 ಪಾಯಿಂಟ್ ಬೇಕು. ಅದರ ಮೈಮೇಲೇ ಬರೆದಿರುತ್ತದೆ. ಡಿಕ್ಕಿ ತೆಗೆದಾಗ ಇನ್ನೊಂದು ನೋಡಿ. ಟೈರಿನ ಗೋಡೆಯಲ್ಲಿ ಡಾಟ್ (DOT) ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಎಷ್ಟೋ ಜನರ ಸ್ಟೆಪ್ನಿಯಲ್ಲಿ ಗ್ರಿಪ್ ಪೂರ್ತಿ ಹೊಸದು, ವಯಸ್ಸು ಹತ್ತು ದಾಟಿರುತ್ತದೆ, ರಬ್ಬರು ಸೀಳು ಬಿಟ್ಟಿರುತ್ತದೆ. ಹೋದ ವಾರ ನಮ್ಮಲ್ಲಿಗೆ ಬಂದ ಒಂದು ಕಾರಿನ ಸ್ಟೆಪ್ನಿಗೆ ಗೇಜ್ ಒತ್ತಿದೆ. ಮುಳ್ಳು 6ರ ಹತ್ತಿರ ನಿಂತಿತು.